ರಂಧ್ರ ನೋಡಿ ಅಮೋನಿಯಾ ಬೇರ್ಪಡಿಸಿದ್ದು: ನನ್ನ ಅನುಭವ

ಕಾರವಾರದ ಕಾಳಿ ಅಳಿವೆಯ ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದವರಿಗೆ ಅಮೋನಿಯಾ ಹೊಸದಲ್ಲ. ಅನಿಲವಲ್ಲ ಇದು, ಕೋಣೆ ಕೋಣೆಯಾಗಿ ಸುಣ್ಣದ ಚಿಪ್ಪು ಕಟ್ಟುವ ಒಂದೇ ಕೋಶದ ಸಣ್ಣ ಜೀವಿಗಳ ಕುಲ. ಕಂಡದ್ದಕ್ಕೆಲ್ಲ ಸುಮ್ನೆ 'ಬೆಕಾರಿ' ಎಂಬ ಒಂದೇ ಪ್ರಭೇದದ ಹೆಸರು ಬರೆದು ಮುಂದೆ ಹೋಗುವುದು ರೂಢಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಡಿಎನ್‌ಎ ಇಲ್ಲದೆ ಇವುಗಳ ಬಗೆ ಬಿಡಿಸೋಕೆ ಆಗಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನಾನು ಕಾಲೇಜಿನ ಹಳೇ ಮೈಕ್ರೋಸ್ಕೋಪಿನಲ್ಲೇ ಬಿಡಿಸಿದೆ. ಎರಡು ವರ್ಷ ಹಿಡಿಯಿತು.

ಮೊದಲ ವರ್ಷ, ಮಾದರಿ ಕೆಡದಂತೆ ಹಾಕಿದ ಫಾರ್ಮಲಿನ್‌ಗೆ ಬಲಿಯಾಯಿತು. ಬೋರಾಕ್ಸ್ ಹಾಕುವುದು ಮರೆತಿದ್ದೆ. ಮಳೆಗಾಲ ಕಳೆದು ಡಬ್ಬಿ ತೆಗೆದರೆ ದ್ರಾವಣ ಹುಳಿಯಾಗಿ ಚಿಪ್ಪಿನ ಸುಣ್ಣವನ್ನೇ ತಿಂದಿತ್ತು. ನಲವತ್ತು ಡಬ್ಬಿಯಲ್ಲಿ ಹತ್ತು ಉಳಿದಿರಬಹುದು. ದೋಣಿ ಬಾಡಿಗೆಯೇ ಹದಿನೈದು ಸಾವಿರ ದಾಟಿತ್ತು, ಎಲ್ಲಾ ನನ್ನ ಕೈಯಿಂದ. ಆ ವಾರ ಸರಿಯಾಗಿ ಊಟ ಸೇರಲಿಲ್ಲ. ಈಗ, ಜೀವಂತ ಇದ್ದವನ್ನು ಗುರುತಿಸಲು ಹಾಕುವ ಬಣ್ಣ ರೋಸ್ ಬೆಂಗಾಲನ್ನು ಎಥನಾಲ್‌ನಲ್ಲೇ ಕಲಸಿ ಒಯ್ಯುತ್ತೇನೆ.

ಬಗೆ ಗುರುತಿಸಲು ಮೊದಲು ಹೊಕ್ಕುಳಿನ ಗುಬಟು, ಅಂದರೆ ಚಿಪ್ಪಿನ ಸುರುಳಿಯ ನಡುವಿನ ಗುಂಡಿಯಂಥ ಉಬ್ಬು, ನಂಬಿದ್ದೆ. ಕೆಲವದರಲ್ಲಿ ಇರುತ್ತೆ, ಕೆಲವದರಲ್ಲಿ ಇಲ್ಲ, ಮರಿಗಳಲ್ಲಂತೂ ಕೇಳಲೇ ಬೇಡಿ. ಕೋಣೆ ಎಣಿಸಿದ್ದೂ ಅಷ್ಟೇ, ದೊಡ್ಡದಾದಷ್ಟೂ ಜಾಸ್ತಿ. ಎಡಕ್ಕೆ ಸುತ್ತಿದ್ದು, ಬಲಕ್ಕೆ ಸುತ್ತಿದ್ದು ಎಂದು ಆರುನೂರು ಚಿಪ್ಪು ನೋಡಿದೆ. ಹೆಚ್ಚುಕಮ್ಮಿ ಅರ್ಧ ಅರ್ಧ ಬಂತು. ಒಂದು ತಿಂಗಳು ಅದಕ್ಕೇ ಹೋಯಿತು.

ಯುರೋಪಿನ ತೀರದಲ್ಲಿ ಚಿಪ್ಪಿನ ಗೋಡೆಯ ಸಣ್ಣ ರಂಧ್ರದ ಅಗಲ ಮತ್ತು ಬೆನ್ನಿನ ಕಡೆ ಉಬ್ಬಿದ ಹೊಲಿಗೆ (ಕೋಣೆಗಳು ಸೇರುವ ಗೆರೆ) ನೋಡಿ ಮೂರು ಬಗೆ ಬೇರ್ಪಡಿಸಬಹುದು ಎಂದು 2019ರಲ್ಲಿ ಬಂದ ಸಂಶೋಧನೆ ಓದಿದ ಮೇಲೆ ದಾರಿ ಸಿಕ್ಕಿತು. ಕೊನೆಯಿಂದ ಎರಡನೇ ಕೋಣೆಯ ಗೋಡೆ ಮಾತ್ರ ಒಡೆದು, ಗ್ಲಿಸರಿನ್‌ನಲ್ಲಿ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟು, 400 ಪಟ್ಟು ಹಿಗ್ಗಿಸಿ ನೋಡಿದೆ. ಪ್ರತಿ ಸಲವೂ ಅದೇ ಕೋಣೆ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಉಳಿದ ಚಿಪ್ಪು ಪುಡಿಯಾಗದಂತೆ ಆ ಗೋಡೆ ಒಡೆಯುವ ರೀತಿ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಮುನ್ನೂರು ಚಿಪ್ಪು ಕಳೆದುಕೊಂಡು ಕಲಿತದ್ದು.

ಸುಮಾರು 250 ಚಿಪ್ಪು ಅಳೆದಾಗ ಎರಡು ಗುಂಪು ಕಣ್ಣಿಗೇ ಹೊಡೆದಂತೆ ಕಂಡವು. ಒಂದರಲ್ಲಿ ರಂಧ್ರ ದೊಡ್ಡದು, ವಿರಳ. ಇನ್ನೊಂದರಲ್ಲಿ ಸಣ್ಣದು, ದಟ್ಟ. ಆಮ್ಲಜನಕ ಕಡಿಮೆಯಾದರೆ ರಂಧ್ರ ಬದಲಾಗಬಹುದಲ್ವಾ ಎಂಬ ಅನುಮಾನ ಬಂತು. ಜೀವಂತ ಇದ್ದವನ್ನು ಮುಚ್ಚಿದ ಬಾಟಲಿಯಲ್ಲಿ ಸಾಕಿದೆ. ಐದಾರು ಮಾತ್ರ ಹೊಸ ಕೋಣೆ ಕಟ್ಟಿದವು. ಅಷ್ಟರಿಂದ ಏನೂ ಹೇಳಲಾಗದು, ಈ ಬೇಸಿಗೆಯಲ್ಲಿ ಮತ್ತೆ ಮಾಡುತ್ತೇನೆ.

ಆಮೇಲೆ ಇಪ್ಪತ್ತು ಚಿಪ್ಪನ್ನು ನನ್ನ ಗುಂಪು ಬರೆಯದೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಳಿಸಿದೆ. ಚಿನ್ನದ ಲೇಪ ಸೇರಿ ಆರೇಳು ಸಾವಿರ ಆಯಿತು. ಚಿತ್ರ ನೋಡಿ ಬೇರೆಯವರು ಗುಂಪು ಮಾಡಿದರು. ಹದಿನೇಳೋ ಹದಿನೆಂಟೋ ನನ್ನದಕ್ಕೇ ಹೊಂದಿದವು. ಆಗಲ್ಲ ಎಂದಿದ್ದವರೇ ಈಗ ತಮ್ಮ ಸ್ಲೈಡ್ ಕಳಿಸುತ್ತಿದ್ದಾರೆ.

ನನ್ನ ವಿವರಣೆಯಲ್ಲಿ ಈ ಎರಡು ಬಗೆಯನ್ನು ಗುಂಪು ಒಂದು, ಗುಂಪು ಎರಡು ಎಂದೇ ಬರೆದಿದ್ದೇನೆ. ಲಿನೇಯಸ್ 1758ರಲ್ಲಿ ಬೆಕಾರಿ ಎಂದು ಕರೆದದ್ದು ಇಟಲಿಯ ರಿಮಿನಿ ತೀರದ ಚಿಪ್ಪನ್ನು. ಅಮೆರಿಕದ ಸಂಶೋಧಕ ಕುಶ್‌ಮನ್ 1926ರಲ್ಲಿ ಟೆಪಿಡಾ ಎಂಬ ಇನ್ನೊಂದು ಹೆಸರಿಟ್ಟದ್ದು ಪೋರ್ಟೊ ರಿಕೋದ ಚಿಪ್ಪಿಗೆ. ಅಲ್ಲಿನ ಹೆಸರನ್ನು ಡಿಎನ್‌ಎ ಇಲ್ಲದೆ ನಮ್ಮ ಕಾಳಿಯ ಚಿಪ್ಪಿಗೆ ಅಂಟಿಸಲು ನನಗೆ ಮನಸ್ಸಿಲ್ಲ. ಎರಡೂ ಗುಂಪಿನಿಂದ ಮೂವತ್ತರಂತೆ ಜೀವಂತ ಇದ್ದವನ್ನು ಅದಕ್ಕಾಗಿ ತೆಗೆದಿಟ್ಟಿದ್ದೇನೆ.