ನಿಂತ ಕಾರಿನಲ್ಲಿ ಹರಿಯುವ ಕರೆಂಟನ್ನು ಅಳೆದ ಬಗೆ

ನಾಲ್ಕೈದು ದಿನ ಓಡಿಸದೆ ನಿಲ್ಲಿಸಿದರೆ ಸ್ಟಾರ್ಟ್ ಆಗದಿದ್ದ ನನ್ನ ಹಳೆಯ ಕಾರು ಹೊಸ ಬ್ಯಾಟರಿ ಹಾಕಿಸಿದ ಮೇಲೂ ಹಾಗೆಯೇ ಕೈಕೊಟ್ಟಾಗ, ಕೀಲಿ ತೆಗೆದ ನಂತರವೂ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ನಾನೇ ಅಳೆಯಲು ನಿರ್ಧರಿಸಿದೆ. ಅಲಾರಂ, ಗಡಿಯಾರ ಮತ್ತು ಕಂಟ್ರೋಲ್ ಯೂನಿಟ್‌ಗಳಿಗಾಗಿ (ಕಾರಿನ ಭಾಗಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರುಗಳು) 20ರಿಂದ 50 ಮಿಲಿಆಂಪಿಯರ್ ಹರಿಯುವುದು ಸಹಜ.

ಸ್ಟಾರ್ಟರ್ ಎಳೆಯುವ ನೂರಾರು ಆಂಪಿಯರ್ ಅಳೆಯಲು ಡಿಸಿ ಕ್ಲ್ಯಾಂಪ್ ಮೀಟರ್ ಬೇಕು. ಇಷ್ಟು ಸಣ್ಣ ಕರೆಂಟಿಗೆ ಸಾಧಾರಣ ಮಲ್ಟಿಮೀಟರ್ ಸಾಕು. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಕಿಂಡಿಗೆ ಸಿಕ್ಕಿಸಿದೆ, ಏಕೆಂದರೆ ಮಿಲಿಆಂಪಿಯರ್ ಕಿಂಡಿಯಲ್ಲಿದ್ದಾಗ ಯಾರಾದರೂ ಬಾಗಿಲು ತೆರೆದರೆ ಮೀಟರಿನೊಳಗಿನ ಫ್ಯೂಸ್ ಸುಟ್ಟುಹೋಗುತ್ತದೆ. ಒಂದು ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಕೇಬಲ್ಲಿನ ಹಿಡಿಕೆಗೂ ಕಚ್ಚಿಸಿಕೊಂಡು, ಆಮೇಲಷ್ಟೇ ನಟ್ಟು ಸಡಿಲಿಸಿ ಕೇಬಲ್ಲನ್ನು ಮೇಲೆತ್ತಿದೆ. ಹೀಗೆ ಮಾಡಿದರೆ ಕರೆಂಟ್ ಒಂದು ಕ್ಷಣವೂ ಕಡಿಯುವುದಿಲ್ಲ, ಯೂನಿಟ್‌ಗಳೂ ಮತ್ತೆ ಎಚ್ಚರಗೊಳ್ಳುವುದಿಲ್ಲ. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಕಾರನ್ನು ಸ್ಟಾರ್ಟ್ ಮಾಡಬಾರದು.

ಮೊದಲಿಗೆ ಒಂದು ಆಂಪಿಯರಿಗೂ ಹೆಚ್ಚು ತೋರಿಸಿದ್ದು ಯೂನಿಟ್‌ಗಳು ಒಂದೊಂದಾಗಿ ನಿದ್ದೆಗೆ ಜಾರಿದಂತೆ ಇಳಿಯುತ್ತಾ, ಅರ್ಧ ಗಂಟೆಯ ನಂತರ 240 ಮಿಲಿಆಂಪಿಯರಿಗೆ ಬಂದು ನಿಂತಿತು. ಅಂದರೆ ದಿನಕ್ಕೆ ಆರು ಆಂಪಿಯರ್-ಗಂಟೆಗೆ ಸ್ವಲ್ಪ ಕಡಿಮೆ. 35 ಆಂಪಿಯರ್-ಗಂಟೆಯ ಬ್ಯಾಟರಿ ಇದನ್ನು ಒಂದು ವಾರವೂ ತಾಳಲಾರದು.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವ ಗ್ಯಾರೇಜ್ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಕಿತ್ತ ಫ್ಯೂಸನ್ನು ಮರಳಿ ಹಾಕುವಾಗ ಯೂನಿಟ್ ಎಚ್ಚರಗೊಂಡು ಲೆಕ್ಕವೆಲ್ಲ ಕೆಡುತ್ತದೆ. ಕೇಬಲ್ಲನ್ನು ಮೊದಲಿನಂತೆ ಬಿಗಿದು, ಮೀಟರನ್ನು 200 ಮಿಲಿವೋಲ್ಟ್ ಅಳತೆಗೆ ತಿರುಗಿಸಿ, ಪ್ರತಿ ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮೊನೆ ತಾಗಿಸುತ್ತಾ ಹೋದೆ. ಕರೆಂಟ್ ಹರಿಯದ ಫ್ಯೂಸಿನಲ್ಲಿ ಸೊನ್ನೆ ಕಾಣುತ್ತದೆ. ಸ್ಟೀರಿಯೋದ 15 ಆಂಪಿಯರ್ ಫ್ಯೂಸಿನಲ್ಲಿ ಮಾತ್ರ ಸುಮಾರು 1 ಮಿಲಿವೋಲ್ಟ್ ಕಂಡಿತು. ಆ ಫ್ಯೂಸಿನ ರೋಧ ಸುಮಾರು 5 ಮಿಲಿಓಮ್ ಆದ್ದರಿಂದ, ಹರಿಯುತ್ತಿದ್ದದ್ದು 200 ಮಿಲಿಆಂಪಿಯರಿನ ಆಸುಪಾಸು.

ಡ್ಯಾಶ್‌ಬೋರ್ಡಿನಿಂದ ಸ್ಟೀರಿಯೋ ಹೊರಗೆಳೆದಾಗ ಕಾರಣ ಗೋಚರಿಸಿತು. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕಾದ ಕೆಂಪು ವೈರನ್ನೂ ಸದಾ ಕರೆಂಟ್ ಇರುವ ಹಳದಿ ವೈರನ್ನೂ ಜೋಡಿಸಿ ಟೇಪ್ ಸುತ್ತಿದ್ದರು. ಕೀಲಿಯಿಲ್ಲದೆ ಹಾಡು ಕೇಳಲೆಂದು ಹೀಗೆ ಮಾಡಿಕೊಡುವುದು ರೂಢಿಯೇ ಆಗಿಬಿಟ್ಟಿದೆ. ಕೆಂಪು ವೈರನ್ನು ಬೇರ್ಪಡಿಸಿ ಆಕ್ಸೆಸರಿ ಲೈನಿಗೆ ಕೊಟ್ಟು, ಮೀಟರನ್ನು ಮತ್ತೆ ನೆಗೆಟಿವ್ ಕೇಬಲ್ಲಿಗೆ ಜೋಡಿಸಿ ಕಾದಾಗ ಅಳತೆ 25 ಮಿಲಿಆಂಪಿಯರಿಗೆ ಇಳಿದಿತ್ತು.