ಧರೆಯಲ್ಲಿ ಟರಾಂಟುಲಾ ಬಿಲ ಎಣಿಸಿದ ನನ್ನ ಅನುಭವ

ಉತ್ತರ ಕನ್ನಡದ ಘಟ್ಟದ ರಸ್ತೆ ಬದಿಯಲ್ಲಿ ಹಳೆಯ ಮಣ್ಣಿನ ಧರೆಗಳಿವೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆಗಳು. ಮರದ ನೆರಳು, ಪಾಚಿ, ಹೊರಗೆ ಇಣುಕುವ ಬೇರು. ಥ್ರಿಗ್ಮೋಪಿಯಸ್ ಟ್ರುಕುಲೆಂಟಸ್ ಎಂಬ ಟರಾಂಟುಲಾ (ಮೈತುಂಬ ರೋಮವಿರುವ ದೊಡ್ಡ ಜೇಡ) ಬಿಲ ಮಾಡುವುದು ಇಂಥ ಕಡೆಯೇ. ಪಶ್ಚಿಮ ಘಟ್ಟ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಇದಕ್ಕೆ ಹೆಸರಿಟ್ಟರು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ (ಐಯುಸಿಎನ್) ಕೆಂಪು ಪಟ್ಟಿಯ ಪ್ರಕಾರ ಈಗ ಅಪಾಯದ ಹೊಸ್ತಿಲಲ್ಲಿದೆ.

ಮೊದಲ ಸಲ ಹಗಲಲ್ಲಿ ಎಣಿಸಿದೆ. ಒಂದು ಧರೆಯಲ್ಲಿ 6 ಬಿಲ ಸಿಕ್ಕವು. ಅದೇ ಜಾಗಕ್ಕೆ ರಾತ್ರಿ ಹೋದರೆ 17! ಹಗಲು ಎಲೆಕಸದ ಮರೆಯಲ್ಲಿದ್ದ ಬಿಲಗಳ ಬಾಯಲ್ಲಿ ಜೇಡಗಳೇ ಬಂದು ಕೂತಿದ್ದವು, ಮುಂಗಾಲು ಹೊರಗಿಟ್ಟುಕೊಂಡು. ಆಮೇಲೆ ಹಗಲಿನ ಎಣಿಕೆ ಬಿಟ್ಟೇ ಬಿಟ್ಟೆ.

ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿಕೊಳ್ಳುತ್ತೇನೆ. ಹೆಜ್ಜೆ ಮೆಲ್ಲಗಿರಬೇಕು, ನೆಲ ಸ್ವಲ್ಪ ಅದುರಿದರೂ ಜೇಡ ಒಳಗೆ ಓಡುತ್ತದೆ. ಏಡಿಯ ತೂತು ನೋಡಿ ನಾನೂ ಮೋಸ ಹೋಗಿದ್ದೇನೆ. ಅದರ ಬಾಯಲ್ಲಿ ಮಣ್ಣಿನ ಉಂಡೆಗಳಿರುತ್ತವೆ, ನೂಲು ಇರುವುದಿಲ್ಲ. ಜೇಡದ ಬಿಲದ ಅಂಚಿಗೆ ಬಿಳಿ ನೂಲಿನ ಹೊದಿಕೆ ಇರುತ್ತದೆ. ಬಾಯಿಯ ಅಗಲವನ್ನೂ ಅಳೆದು ಬರೆಯುತ್ತೇನೆ. ಬರೀ ದೊಡ್ಡ ಬಿಲಗಳೇ ಇದ್ದರೆ ಮರಿಗಳು ಉಳಿಯುತ್ತಿಲ್ಲ ಅಂತ ಸಂಶಯ ಬರಬೇಕು. ಬಿಲ ಅಗೆಯುವುದು, ನೀರು ಹೊಯ್ಯುವುದು ಬೇಡವೇ ಬೇಡ.

ಹೆಣ್ಣು ವರ್ಷಗಟ್ಟಲೆ ಒಂದೇ ಬಿಲದಲ್ಲಿರುತ್ತದೆ. ಮರಿಗಳು ಹೆಚ್ಚು ದೂರ ಹೋಗದೆ ಆಸುಪಾಸಿನಲ್ಲೇ ನೆಲೆಯೂರುತ್ತವೆ. ಹಾಗಾಗಿ ಒಂದು ತುಂಡು ಧರೆ ಅಂದರೆ ಒಂದಿಡೀ ಸಂಸಾರ. ರಸ್ತೆ ಅಗಲ ಮಾಡುವಾಗಲೋ ಮಳೆಗಾಲದ ಮುಂಚೆ ಚರಂಡಿ ತೆಗೆಯುವಾಗಲೋ ಜೆಸಿಬಿ ಒಂದು ಸಲ ಕೆರೆದರೆ ಎಲ್ಲವೂ ಹೋಯಿತು. ನಾನು ಎರಡು ವರ್ಷ ಎಣಿಸಿದ್ದ ಒಂದು ಧರೆ ಹೀಗೆಯೇ ಒಂದು ಬೆಳಗ್ಗೆ ಕೆಂಪು ಗೋಡೆಯಾಗಿತ್ತು. ಅಲ್ಲೇ ಕೂತುಬಿಟ್ಟೆ.

ಮುಂದಿನ ವರ್ಷ ಮೇ ತಿಂಗಳಲ್ಲೇ ಇನ್ನೊಂದು ಧರೆಯ ಹತ್ತಿರ ಹೋಗಿ ಜೆಸಿಬಿಗಾಗಿ ಕಾದೆ. "ಅಣ್ಣಾ, ಚರಂಡಿ ತೆಗೀರಿ, ಧರೆ ಮಾತ್ರ ಕೆರೀಬೇಡಿ" ಅಂದೆ. ಡ್ರೈವರ್ ಕೆಳಗಿಳಿದು ಬಂದರು. ಟಾರ್ಚ್ ಹಿಡಿದು ಒಂದು ಬಿಲ ತೋರಿಸಿದೆ. "ಇಷ್ಟು ದಿನ ಹಾವಿನ ಬಿಲ ಅಂದ್ಕೊಂಡಿದ್ದೆ" ಅಂದರು. ಸುಮಾರು ಮೂವತ್ತು ಮೀಟರ್ ಧರೆಗೆ ಬಕೆಟ್ ತಾಗಿಸದೆ ಚರಂಡಿ ಮುಗಿಸಿದರು. ಮಳೆ ಕಳೆದ ಮೇಲೆ ಅಲ್ಲಿ 14 ಬಿಲ ಎಣಿಸಿದೆ. ಅದರಲ್ಲಿ ಐದು, ಕಿರುಬೆರಳೂ ಹೋಗದಷ್ಟು ಸಣ್ಣವು.

ಅದು ಯಾವ ರಸ್ತೆ ಅಂತ ಬೇಕೆಂದೇ ಬರೆದಿಲ್ಲ. ಸಾಕಲು, ಮಾರಲು ಜೇಡ ಹಿಡಿಯುವವರೂ ಇದ್ದಾರಲ್ವಾ.