ಬುಬು, ಓಲೆ, ಒಂದು ಮಾರು ಹಗ್ಗ

"ಆಂಟೀ, ಒಳಗೆ ಹೋದ ಮೀನು ಅದೇ ಬಾಯಿಂದ ಹೊರಗೆ ಯಾಕೆ ಬರಲ್ಲ?"

ಮಲೇಷ್ಯಾದ ಪೂರ್ವ ಕರಾವಳಿಯ ಕ್ವಾಲಾ ತೆರೆಂಗಾನುವಿನಲ್ಲಿ, ಲೋಸೊಂಗ್ ಎಂಬಲ್ಲಿ ನದಿಯ ದಂಡೆಗೆ ರಾಜ್ಯ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಮೀನುಗಾರಿಕೆ ವಿಭಾಗದಲ್ಲಿ ಬಿದಿರಿನ ಬುಬು ಎದುರು ನಿಂತು ನಮ್ಮ ಕಾಲೊನಿಯ ಒಂಬತ್ತು ವರ್ಷದ ಹುಡುಗಿ ಈ ಪ್ರಶ್ನೆ ಕೇಳಿದಳು. ಬುಬು ಅಂದರೆ ಮೀನು ತಾನಾಗಿ ಬಂದು ಸಿಕ್ಕಿಬೀಳುವ ಬುಟ್ಟಿ. ಅದರ ಹೆಸರು, ಅದು ಯಾವುದರಿಂದ ಮಾಡಿದ್ದು, ಎಲ್ಲಿ ಇಳಿಸುತ್ತಾರೆ ಎಂಬುದನ್ನೆಲ್ಲ ಓದಿಕೊಂಡು ಹೋಗಿ ಹೇಳಿದ್ದೆ. ಈ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಬ್ರಹ್ಮಾವರದ ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ ಮಳೆಗಾಲದಲ್ಲಿ ಗದ್ದೆಯ ನೀರು ಹರಿದುಹೋಗುವ ಕಂಡಿಗೆ ಕೂಳಿ ಎಂಬ ಇಂಥದ್ದೇ ಮೀನುಬುಟ್ಟಿ ಇಡುತ್ತಿದ್ದರು. ಬೆಳಿಗ್ಗೆ ಅದನ್ನೆತ್ತಿ ಮೀನು ಕೊಡವುವುದನ್ನು ನೋಡುತ್ತ ಬೆಳೆದವಳು ನಾನು. ಆದರೆ ಕೂಳಿಯ ಒಳಗೆ ಒಮ್ಮೆಯೂ ಕೈಹಾಕಿ ನೋಡಿರಲಿಲ್ಲ. ಅದು ಮನಸ್ಸನ್ನು ಕೊರೆಯಿತು.

ನನ್ನ ಗಂಡ ಕೆರ್ತೆಯ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಮ್ಮ ಕಾಲೊನಿಯಲ್ಲಿ ಕನ್ನಡ, ತಮಿಳು, ಮಲಯಾಳಂ, ಮಲಯ್ ಮಾತಾಡುವ ಮನೆಗಳೆಲ್ಲ ಒಟ್ಟಿಗಿವೆ. ಶಾಲೆಗೆ ರಜೆ ಬಂದಾಗ ಮಕ್ಕಳನ್ನು ಕಟ್ಟಿಕೊಂಡು ಮ್ಯೂಸಿಯಮ್ಮಿಗೆ ಹೋಗುವುದು ನಾನಾಗಿ ಹಚ್ಚಿಕೊಂಡ ಕೆಲಸ. ಮೊದಲ ಸಲ ಮಕ್ಕಳು ಒಂದು ಗಂಟೆಯಲ್ಲೇ ದಣಿದರು. ತಪ್ಪು ನನ್ನದೇ. ನಾನು ಹೆಸರುಗಳನ್ನು ಹೇಳುತ್ತಿದ್ದೆ, ಕೆಲಸವನ್ನು ಹೇಳುತ್ತಿರಲಿಲ್ಲ. ಬುಟ್ಟಿ, ಚಾಪೆ, ಮನೆ ಎಲ್ಲವೂ ಯಾರದೋ ಕೈ ಮಾಡಿದ ಕೆಲಸ. ಆ ಕೈಯ ಚಲನೆ ಗೊತ್ತಿಲ್ಲದವಳು ಅವುಗಳ ಎದುರು ನಿಂತು ಹೇಳುವುದಾದರೂ ಏನನ್ನು? ಮುಂದಿನ ಸಲ ಹೋಗುವುದರೊಳಗೆ ಎರಡು ಮೂರನ್ನಾದರೂ ನಾನೇ ಮಾಡಿ ನೋಡಬೇಕು ಎಂದು ನಿಶ್ಚಯಿಸಿದೆ.

ಚಾಪೆಯಿಂದ ಶುರು ಮಾಡಿದೆ, ಅದಕ್ಕೆ ಕಾರಣವಿತ್ತು. ಇಲ್ಲಿಯ ಮೆಂಗ್‌ಕುವಾಂಗ್ ಎಂಬ ಗಿಡ ನೋಡಿದ ಕೂಡಲೇ ನನಗೆ ಊರಿನ ನೆನಪಾಗಿತ್ತು. ಅದು ನಮ್ಮ ಕೇದಗೆಯ ಬಳಗದ್ದೇ. ಅಷ್ಟಮಿಗೆ, ಚೌತಿಗೆ ಮೂಡೆ ಕಟ್ಟಲು ತರುವ ಮುಂಡೇವಿನ ಓಲೆಯ ಹಾಗೆಯೇ ಉದ್ದ ಎಲೆ, ಎರಡೂ ಅಂಚಿಗೆ ಮತ್ತು ನಡು ದಿಂಡಿನ ಬೆನ್ನಿಗೆ ಮುಳ್ಳು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗಿರುವ ಹಿರಿಯಾಕೆಯೊಬ್ಬರು ಈಗಲೂ ಚಾಪೆ ಹೆಣೆಯುತ್ತಾರೆ. ಎಲ್ಲರೂ ಅವರನ್ನು ಮಕ್ಚಿಕ್ ಅನ್ನುತ್ತಾರೆ, ಚಿಕ್ಕಮ್ಮ ಅಂದ ಹಾಗೆ. "ಮಕ್ಚಿಕ್, ನನಗೂ ಕಲಿಸ್ತೀರಾ?" ಅಂದೆ. "ಕುಳಿತುಕೋ ಮಗಾ," ಅಂದವರು ಚಾಪೆಯ ಒಂದು ಮೂಲೆ ಬಿಟ್ಟುಕೊಟ್ಟರು.

ಮೊದಲು ಮುಳ್ಳು ತೆಗೆಯಬೇಕು. ಆಮೇಲೆ ಎಲೆಯನ್ನು ಬೆಂಕಿಯ ಮೇಲೆ ಹಿಡಿದು ಬಾಡಿಸಬೇಕು. ಇದಕ್ಕೆ ಮಲಯ್‌ನಲ್ಲಿ ಲಾಯುರ್ ಅನ್ನುತ್ತಾರೆ. ಮೂಡೆ ಕಟ್ಟುವ ಮುಂಚೆ ಅಮ್ಮ ಒಲೆಯ ಕೆಂಡದ ಮೇಲೆ ಓಲೆಯನ್ನು ಆಡಿಸುತ್ತಿದ್ದದ್ದು ಇದನ್ನೇ! ಬಾಡಿಸದ ಎಲೆ ಮಡಚಿದಲ್ಲಿ ಸೀಳುತ್ತದೆ, ಬಾಡಿಸಿದ್ದು ಬಟ್ಟೆಯಂತೆ ಬಾಗುತ್ತದೆ. ಇಷ್ಟು ಮಾಡುವಾಗ ನನ್ನ ಕೈಗೆ ಏನೂ ಹೇಳಿಕೊಡಬೇಕಾಗಿ ಬರಲಿಲ್ಲ. ಮಕ್ಚಿಕ್ ಹುಬ್ಬೇರಿಸಿ ನೋಡಿದರು. ನಮ್ಮಲ್ಲಿ ಇದರೊಳಗೆ ಹಿಟ್ಟು ಹಾಕಿ ಬೇಯಿಸುತ್ತೇವೆ ಎಂದಾಗ ಅವರಿಗೆ ಬಹಳ ಖುಷಿಯಾಯಿತು.

ಅಲ್ಲಿಂದ ಮುಂದಿನದು ನನಗೆ ಹೊಸದು. ಜಂಗ್ಕಾ ಎಂಬ ಸಲಕರಣೆ ಬರುತ್ತದೆ. ಹಿಡಿಯಷ್ಟು ಅಗಲದ ಮರದ ತುಂಡಿಗೆ ಒಂದೇ ಅಂತರದಲ್ಲಿ ಚೂಪು ಹಲ್ಲುಗಳು. ಎಲೆಯ ಮೇಲೆ ಅದನ್ನೂರಿ ಒಂದೇ ಎಳೆತಕ್ಕೆ ಎಳೆದರೆ ಎಲೆ ಸಮನಾದ ಪಟ್ಟಿಗಳಾಗಿ ಸೀಳಿಕೊಳ್ಳಬೇಕು. ನಾನು ಎಳೆಯುವಾಗ ಮೊಣಕೈ ಒಂಚೂರು ಹೊರಕ್ಕೆ ಹೋಗುತ್ತಿತ್ತು. ಪಟ್ಟಿ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಪೂರ. ಆಗ ಅದು ಕಣ್ಣಿಗೆ ಕಾಣುವುದೇ ಇಲ್ಲ. ಪಟ್ಟಿಗಳನ್ನು ಬಿದಿರಿನ ತುಂಡಿನಿಂದ ಒತ್ತಿ ಸವರಿ ಮೆದುಮಾಡಿ, ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಹಸಿರು ಹೋಗಿ ಬಿಳಿಚಿದ ಮೇಲೆ ಹೆಣೆಯಲು ಕುಳಿತೆ. ಹದಿನೈದನೆಯ ಸಾಲಿನ ಹೊತ್ತಿಗೆ ಚಾಪೆ ಒಂದು ಪಕ್ಕಕ್ಕೆ ವಾಲಿತು. ಮಕ್ಚಿಕ್ ಹೆಣಿಗೆಯನ್ನು ನೋಡಲೇ ಇಲ್ಲ. ನನ್ನ ಮೊಣಕೈ ಮುಟ್ಟಿ, "ತಪ್ಪು ಇಲ್ಲಿ ಆಗಿದೆ" ಅಂದರು. ವಾರದ ಹಿಂದಿನ ಎಳೆತದ ತಪ್ಪು ಅದು. ಮ್ಯೂಸಿಯಮ್ಮಿನಲ್ಲಿ ನೇರವಾಗಿ ಬಿದ್ದಿರುವ ಹಳೆಯ ಚಾಪೆ ಕಂಡರೆ ಈಗ ನಾನು ಮೊದಲು ನೋಡುವುದು ಬಣ್ಣ, ಚಿತ್ತಾರವನ್ನಲ್ಲ. ಪಟ್ಟಿಗಳ ಅಗಲವನ್ನು.

ಬುಬು ಇನ್ನೂ ಕಷ್ಟದ್ದು. ಮಕ್ಚಿಕ್ ಅವರ ಗಂಡ, ಪಕ್ಚಿಕ್, ಎಪ್ಪತ್ತು ದಾಟಿದ ಮೀನುಗಾರ. ಈಗ ಹೆಚ್ಚಿನವರು ತಂತಿಬಲೆಯ ಬುಬು ಇಳಿಸುತ್ತಾರೆ. ಬಿದಿರು ಮತ್ತು ಬೆತ್ತದ್ದನ್ನು ಅವರು ಚಿಕ್ಕವರಿದ್ದಾಗ ತಂದೆಯ ಜೊತೆ ಕಟ್ಟಿದ್ದರಂತೆ. ನನಗಾಗಿ ಒಂದು ಮೊಳದ ಚಿಕ್ಕ ಬುಬುವಿಗೆ ಬಿದಿರು ಸೀಳಿಕೊಟ್ಟರು. ಹೊರಗಿನ ಗೂಡನ್ನು ಕಟ್ಟುವುದು ತಾಳ್ಮೆಯ ಕೆಲಸ ಅಷ್ಟೇ. ಕಡ್ಡಿಗಳ ನಡುವೆ ಎಷ್ಟು ಸಂದು ಬಿಡುತ್ತೀರೋ ಅದಕ್ಕಿಂತ ಸಣ್ಣ ಮೀನು ನುಸುಳಿ ಹೋಗುತ್ತದೆ, ಹೋಗಬೇಕು ಕೂಡ. ಬುಬುವಿನ ಜೀವ ಇರುವುದು ಬಾಯಲ್ಲಿ. ಬಾಯಿಂದ ಒಳಕ್ಕೆ ಆಲಿಕೆಯ ಆಕಾರದಲ್ಲಿ ಕಡ್ಡಿಗಳು ಕಿರಿದಾಗುತ್ತ ಹೋಗುತ್ತವೆ. ಅವುಗಳ ತುದಿಯನ್ನು ಕಟ್ಟುವುದಿಲ್ಲ, ಸಪೂರ ಹೆರೆದು ಹಾಗೇ ಬಿಡುತ್ತಾರೆ. ಒಳಬರುವ ಮೀನು ಮೈಯಿಂದ ಒತ್ತಿದರೆ ಕಡ್ಡಿಗಳು ಅಗಲಿ ದಾರಿ ಕೊಡುತ್ತವೆ, ಮೀನು ದಾಟಿದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಹೊರಗೆ ಹೋಗಲು ಬಂದ ಮೀನಿಗೆ ಎದುರಾಗುವುದು ಚೂಪು ತುದಿಗಳು. ಮೇಲಾಗಿ ಅದು ಗೂಡಿನ ಗೋಡೆಯ ಗುಂಟ ಸುತ್ತುತ್ತದೆ, ನಡುವಿನ ಕಿರುಬಾಯಿ ಅದಕ್ಕೆ ಸಿಕ್ಕುವುದೇ ಇಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟೇ.

ಈ ಒಳಬಾಯಿಗೆ ಮಲಯ್‌ನಲ್ಲಿ ಇಂಜಪ್ ಎಂದು ಹೆಸರು. ಆ ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದೆ. ಅವರು ತುತ್ತು ಕೆಳಗಿಟ್ಟು, "ಇಂಜಪ್ಪಾ? ನಮ್ಮ ಪ್ಲಾಂಟಿನಲ್ಲಿ ವಾಲ್ವಿಗೆ ಅದನ್ನೇ ಅಲ್ವಾ ಅನ್ನೋದು!" ಎಂದರು. ಹೌದು, ಒಂದೇ ಕಡೆಗೆ ಬಿಟ್ಟು ಹಿಂದಕ್ಕೆ ಬಿಡದ ಸಾಧನಕ್ಕೆ ಹೊಸ ಕಾಲದ ಮಲಯ್ ಭಾಷೆ ಮೀನುಬುಟ್ಟಿಯ ಮಾತನ್ನೇ ಎತ್ತಿಕೊಂಡಿದೆ. ಹೃದಯದ ಕವಾಟಕ್ಕೂ ಅದೇ ಪದ, ಇಂಜಪ್ ಜಾಂತುಂಗ್. ಸಮುದ್ರದ ದಡದ ಬೆತ್ತದ ಬುಟ್ಟಿಯಿಂದ ಹೊರಟು ಆಸ್ಪತ್ರೆಯವರೆಗೆ ಹೋದ ಇನ್ನೊಂದು ಪದ ನನಗೆ ಗೊತ್ತಿಲ್ಲ. ಆ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮನೆಗಳಿಗೆ ಬರುತ್ತೇನೆ. 1996ರಲ್ಲಿ ತೆರೆದ ಲೋಸೊಂಗ್‌ನ ಮುಖ್ಯ ಕಟ್ಟಡವೇ ತೆರೆಂಗಾನುವಿನ ಕಂಬದ ಮನೆಯನ್ನು ದೈತ್ಯಾಕಾರಕ್ಕೆ ಬೆಳೆಸಿದ ಹಾಗಿದೆ. ಆದರೆ ನನಗೆ ಅಂಗಳದಲ್ಲಿರುವ ನಿಜವಾದ ಮರದ ಮನೆಗಳೇ ಹೆಚ್ಚು ಪ್ರಿಯ. ಬೆಸುತ್‌ನಿಂದ ಕಳಚಿ ತಂದು ಮತ್ತೆ ನಿಲ್ಲಿಸಿದ ಇಸ್ತಾನಾ ತೆಂಕು ಲಾಂಗ್ ಇರುವುದು ಅಲ್ಲೇ. ಮನೆಯೊಂದನ್ನು ಕಳಚಿ ಸಾಗಿಸುವುದು ಹೇಗೆ ಸಾಧ್ಯ ಎಂದರೆ, ಅದನ್ನು ಮೊಳೆ ಹೊಡೆದು ಕಟ್ಟಿಲ್ಲ. ಕಂಬಕ್ಕೆ ತೂತು ಕೊರೆದು, ತೊಲೆಯನ್ನು ತೂರಿಸಿ, ಮರದ ಬೆಣೆ ಬಡಿದು ಬಿಗಿಮಾಡಿದ್ದು. ಬೆಣೆ ಕಿತ್ತರೆ ಮನೆ ಬಿಚ್ಚಿಕೊಳ್ಳುತ್ತದೆ. ಗೋಡೆಯ ಹಲಗೆಗಳೂ ಚೌಕಟ್ಟಿನೊಳಗೆ ಸೇರಿಸಿದವು. ಕಂಬಗಳು ನೆಲದಲ್ಲಿ ಹೂತಿಲ್ಲ, ಕಲ್ಲಿನ ಮೇಲೆ ಕೂತಿವೆ. ಇಲ್ಲಿ ಮಳೆಗಾಲ ನವೆಂಬರ್‌ನಿಂದ. ಈಶಾನ್ಯ ಗಾಳಿ ಬೀಸಿ, ನದಿ ಉಕ್ಕಿ, ಊರಿಗೆ ನೀರು ನುಗ್ಗುವ ಈ ತಿಂಗಳುಗಳಿಗೆ ತೆಂಗ್ಕುಜುಹ್ ಎಂದು ಹೆಸರು. ನೆಲದಿಂದ ಮೇಲಕ್ಕೆ ಎತ್ತಿದ ಮನೆಯ ಕೆಳಗೆ ನೀರು ಬಂದು ಹೋಗುತ್ತದೆ, ಬೇಸಗೆಯಲ್ಲಿ ಅದೇ ಜಾಗದಲ್ಲಿ ಗಾಳಿ ಆಡುತ್ತದೆ.

ಮಾಡಿನ ಮೇಲೆ ಸಿಂಗೋರಾ ಹಂಚು. ತೆಳು, ಚಪ್ಪಟೆ, ಹಗುರ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಹಂಚಿನ ಕೆಳಗೆ ಹುಟ್ಟಿ ಬೆಳೆದವಳಿಗೆ ಇದು ಹಂಚೇ ಅಲ್ಲವೇನೋ ಅನ್ನಿಸಿತ್ತು. ಒಂದಕ್ಕೊಂದು ಕಚ್ಚಿಕೊಳ್ಳುವ ತೋಡು ಇದರಲ್ಲಿಲ್ಲ. ಪದರದ ಮೇಲೆ ಪದರ ಹೊದಿಸುತ್ತಾರೆ, ಸಂದಿನಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ.

ಮನೆಯನ್ನು ನಾನೇ ಕಟ್ಟಿ ನೋಡಲು ಆಗುವುದಿಲ್ಲವಲ್ಲ. ಅದಕ್ಕೆ ಹಗ್ಗ ಹಿಡಿದೆ. ಹಳೆಯ ಮಲಯ್ ಬಡಗಿಗಳು ಮನೆ ಅಳೆಯುತ್ತಿದ್ದದ್ದು ಮನೆಯೊಡತಿಯ ತೋಳಿನಿಂದ. ಆಕೆ ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಒಂದು ದೆಪಾ. ನಮ್ಮ ಮಾರು. ಜೆಂಗ್ಕಲ್ ಅಂದರೆ ಗೇಣು. ಮೊಳಕ್ಕೆ ಅವರು ಹಸ್ತಾ ಅನ್ನುತ್ತಾರೆ, ಆ ಪದದ ವಿವರಣೆ ಕನ್ನಡದವರಿಗೆ ಬೇಕಿಲ್ಲ. ಬೀಸುಬಲೆಗೆ ಅವರದು ಜಾಲಾ. ಮೊದಲು ನಿಲ್ಲಿಸುವ ಮುಖ್ಯ ಕಂಬ ತಿಯಾಂಗ್ ಸೆರಿ, ಅಂದರೆ ಶ್ರೀ ಕಂಬ. ಅದರ ತಲೆಗೆ ಕಪ್ಪು, ಕೆಂಪು, ಬಿಳಿ ಬಟ್ಟೆಯ ತುಂಡುಗಳನ್ನಿಟ್ಟು ತೊಲೆ ಕೂರಿಸುವ ಪದ್ಧತಿಯಿತ್ತು. ಎರಡನೆಯ ಸಲ ಮಕ್ಕಳನ್ನು ಕರೆದೊಯ್ದಾಗ ಒಬ್ಬೊಬ್ಬರ ಕೈಗೂ ಅವರವರ ಅಮ್ಮನ ಒಂದು ಮಾರಿಗೆ ಕತ್ತರಿಸಿದ ಹಗ್ಗ ಕೊಟ್ಟಿದ್ದೆ. ಮನೆಯ ಕೆಳಗೆ ಕಂಬದಿಂದ ಕಂಬಕ್ಕೆ ಅಳೆದರು. ಒಬ್ಬೊಬ್ಬರ ಲೆಕ್ಕ ಒಂದೊಂದು. ಸ್ವಲ್ಪ ಜಗಳವೂ ಆಯಿತು. "ಹಾಗಾದ್ರೆ ಈ ಮನೆ ಯಾರ ಅಮ್ಮನದ್ದು?" ಎಂದು ಒಬ್ಬ ಪುಟ್ಟ ಹುಡುಗ ಕೇಳಿದ. ಇಡೀ ದಿನದ ಅತಿ ಒಳ್ಳೆಯ ಪ್ರಶ್ನೆ ಅದು. ಅದೆಲ್ಲ ನಾನು ಕಲಿಸಿದ್ದಲ್ಲ, ಹಗ್ಗ ಕಲಿಸಿದ್ದು.

ಸೊಂಗ್‌ಕೆಟ್ ನೇಯ್ಗೆ, ವಾವ್ ಗಾಳಿಪಟ, ಕ್ರಿಸ್ ಕತ್ತಿ ಇವನ್ನೆಲ್ಲ ಬೇಗ ದಾಟಿಸಿದೆ. ಜರಿಯ ಸೊಂಗ್‌ಕೆಟ್ 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ, ಅದಕ್ಕೆ ಮಾತಾಡುವವರು ಬೇಕಾದಷ್ಟು ಜನ. ನಾನು ನೇಯ್ದಿಲ್ಲ, ಹಾಗಾಗಿ ಸುಮ್ಮನಿದ್ದೆ.

ದೋಣಿಗಳ ಹತ್ತಿರ ಮಾತ್ರ ಬಹಳ ಹೊತ್ತು ನಿಂತೆವು. ಎದುರಿನ ಡುಯೊಂಗ್ ದ್ವೀಪದ ದೋಣಿ ಕಟ್ಟುವವರು ನಕ್ಷೆ ಬರೆಯದೆ ಕಟ್ಟಿದವರು. ಮೊದಲು ಚೆಂಗಲ್ ಮರದ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಮರದ ಗೂಟದಿಂದ ಜೋಡಿಸುತ್ತಾರೆ, ನಡುವೆ ಗೆಲಾಮ್ ಮರದ ಕಾಗದದಂಥ ತೊಗಟೆ ತುಂಬುತ್ತಾರೆ. ಪಕ್ಕೆಲುಬಿನ ಮರಗಳನ್ನು ಹಾಕುವುದು ಆಮೇಲೆ. ಹೊಟ್ಟೆ ಮೊದಲು, ಎಲುಬು ಆಮೇಲೆ.

ಆದರೆ ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಡಲಾಗದ ವಿದ್ಯೆಯೊಂದನ್ನು ಪಕ್ಚಿಕ್ ಹೇಳಿದ್ದರು. ಜುರು ಸೆಲಾಮ್ ಎಂಬವನು ತಂಡದ ಹಿರಿಯ. ದೋಣಿಯ ಅಂಚು ಹಿಡಿದು ನೀರಿಗಿಳಿದು, ತಲೆ ಮುಳುಗಿಸಿ, ಮೀನಿನ ಗುಂಪಿನ ಸದ್ದು ಆಲಿಸುತ್ತಾನೆ. ಯಾವ ಮೀನು, ಎಷ್ಟಿದೆ, ಎತ್ತ ಹೊರಟಿದೆ ಎಂದು ಅವನು ಕೈಮಾಡಿದ ಮೇಲೆ ಬಲೆ ಬಿಡುತ್ತಾರೆ. ಇದನ್ನು ಮಕ್ಕಳಿಗೆ ಹೇಗೆ ತೋರಿಸುವುದು? ವಾಪಸು ಬಂದು ಕಾಲೊನಿಯ ಈಜುಕೊಳಕ್ಕೆ ಕರೆದೊಯ್ದೆ. ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಕಿವಿ ಮುಳುಗಿಸಬೇಕು, ನಾನು ಒಂದು ಮೂಲೆಯಲ್ಲಿ ನೀರೊಳಗೆ ಎರಡು ಕಲ್ಲು ಕುಟ್ಟುತ್ತೇನೆ, ಯಾವ ಮೂಲೆ ಎಂದು ಅವರು ಕೈ ತೋರಿಸಬೇಕು. ಒಬ್ಬರಿಗೂ ಸರಿಯಾಗಿ ಹೇಳಲಾಗಲಿಲ್ಲ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುವುದರಿಂದ ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತದೆ, ಸುತ್ತಲಿಂದಲೂ ಕೇಳಿದ ಹಾಗಾಗುತ್ತದೆ. ತೆರೆಯೇಳುವ ಕಡಲಿನಲ್ಲಿ, ಕಾಣದ ಮೀನಿನ ದಿಕ್ಕನ್ನು ಹೇಳುತ್ತಿದ್ದ ಮನುಷ್ಯನ ಕಿವಿ ಎಂಥದ್ದಿರಬೇಕು ಎಂದು ಮಕ್ಕಳಿಗೆ ನಾನು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ.

ಒಂಬತ್ತು ವರ್ಷದ ಆ ಹುಡುಗಿಗೆ ನನ್ನ ಬುಬು ಕೊಟ್ಟು ಇಂಜಪ್‌ನೊಳಗೆ ಕೈಹಾಕಲು ಹೇಳಿದೆ. ಸುಲಭವಾಗಿ ಹೋಯಿತು. ವಾಪಸು ಎಳೆದಾಗ ಕಡ್ಡಿಯ ತುದಿಗಳು ಮಣಿಕಟ್ಟಿಗೆ ಚುಚ್ಚಿ ಹಿಡಿದವು. ಅವಳು ನನ್ನ ಮುಖ ನೋಡಿ, "ಈಗ ಗೊತ್ತಾಯ್ತು" ಎಂದಳು.

ಪಕ್ಚಿಕ್ ಅವರ ಸಮಾಧಾನ ಇನ್ನೂ ಆಗಿಲ್ಲ. ನನ್ನ ಕಡ್ಡಿಗಳು ದಪ್ಪವಾದವಂತೆ, ಸಣ್ಣ ಮೀನಿಗೆ ಒತ್ತಿ ಒಳಬರುವ ಬಲ ಸಾಲದಂತೆ. ಈಗ ತೆಂಗ್ಕುಜುಹ್ ಹಿಡಿದಿದೆ, ಯಾರೂ ಕಡಲಿಗೆ ಇಳಿಯುವುದಿಲ್ಲ. ನಮ್ಮೂರಿನಲ್ಲಿ ಜೂನ್, ಜುಲೈಯಲ್ಲಿ ಇರುವ ಹಾಗೆ ದೋಣಿಗಳೆಲ್ಲ ದಡದಲ್ಲಿವೆ. ಹೊರಗೆ ಬಿಡದೆ ಸುರಿಯುತ್ತಿದೆ. ಮಕ್ಚಿಕ್ ಮನೆಯ ಜಗಲಿಯಲ್ಲಿ ಕುಳಿತು ಎರಡನೆಯ ಬುಬುವಿಗೆ ಕಡ್ಡಿ ಹೆರೆಯುತ್ತಿದ್ದೇನೆ.